ಬೇರಿಂಗಿನ ತಪ್ಪಲ್ಲ: ಫಿಟ್ಟರ್ ಬಳಗಕ್ಕೊಂದು ಬಹಿರಂಗ ಪತ್ರ

ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ಸಿಮೆಂಟ್ ಫ್ಯಾಕ್ಟರಿ, ಪಂಪ್‌ಹೌಸ್‌ಗಳ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿಯುವ ಎಲ್ಲ ಫಿಟ್ಟರ್ ಮತ್ತು ಹೆಲ್ಪರ್ ಬಂಧುಗಳಿಗೆ,



ಕಾರ್ಖಾನೆಯ ವರ್ಕ್‌ಶಾಪಿನ ಹಿಂದೆ ಒಂದು ಮೂಲೆ ಇರುತ್ತದೆ. ಗುಜರಿಯವನ ದಾರಿ ಕಾಯುತ್ತ ಹಳೇ ಬೇರಿಂಗುಗಳ ಗುಡ್ಡೆ ಬಿದ್ದಿರುವುದು ಅಲ್ಲೇ. ಒಂದರ ಕೇಜ್ ಮುರಿದಿರುತ್ತದೆ, ಇನ್ನೊಂದರ ಒಳಬಳೆ ಸುಟ್ಟು ನೀಲಿಗಟ್ಟಿರುತ್ತದೆ, ಮತ್ತೊಂದರ ರೋಲರುಗಳ ಮೈತುಂಬ ಸಿಡುಬಿನ ಕಲೆಯಂಥ ಗುಳಿ. ಆ ಗುಡ್ಡೆಯ ಪಕ್ಕ ನಿಂತು ಕಾರಣ ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ: “ಮಾಲು ಡುಪ್ಲಿಕೇಟ್ ಬಂದಿತ್ರೀ.” ಕೆಲವು ಸಲ ಅದು ನಿಜವೂ ಹೌದು. ಆದರೆ ಒಂದೇ ಫ್ಯಾನಿಗೆ, ಅದೇ ಪ್ಲಮರ್ ಬ್ಲಾಕಿನಲ್ಲಿ, ಒಂದೇ ಹಂಗಾಮಿನೊಳಗೆ ಮೂರು ಸಲ ಬೇರಿಂಗ್ ಹೋಯಿತೆಂದರೆ ಅಂಗಡಿಯವನನ್ನು ಬೈದು ಏನೂ ಗಿಟ್ಟದು. ಬೇರಿಂಗ್ ಏಟು ತಿಂದಿದೆ ಅಷ್ಟೆ. ಕೊಟ್ಟವರು ಬೇರೆ.

ಏಟು ಕೊಡುವವರ ಪೈಕಿ ತೀರ ಸಾಮಾನ್ಯನಾದ ಒಬ್ಬನ ಬೆನ್ನು ಹತ್ತಿ ಈ ಪತ್ರ ಹೊರಟಿದೆ. ತಿರುಗುವ ಭಾಗದ ತೂಕ ಒಂದು ಮಗ್ಗುಲಿಗೆ ಹೆಚ್ಚಿರುವುದು, ಅಷ್ಟೇ ಅವನ ಗುರುತು. ಶಾಪ್‌ಫ್ಲೋರಿನಲ್ಲಿ ಅವನ ಹೆಸರು ಅನ್‌ಬ್ಯಾಲೆನ್ಸ್, ಪುಸ್ತಕದಲ್ಲಿ ಅಸಮತೋಲನ. ಅವನನ್ನು ಹಿಡಿಯುವ ಲೆಕ್ಕ ಮೀಟರ್ ಹಿಡಿದು ದೊಡ್ಡ ಊರಿನಿಂದ ಬರುವ ತಜ್ಞರ ಸ್ವತ್ತು ಎಂಬ ನಂಬಿಕೆ ನಮ್ಮ ಕಾರ್ಖಾನೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಅರ್ಧಕ್ಕರ್ಧ ಲೆಕ್ಕ ಹತ್ತನೇ ತರಗತಿಯ ಕಂಪಾಸ್ ಪೆಟ್ಟಿಗೆಯಲ್ಲೇ ಇದೆ ಎಂದು ತೋರಿಸಿಕೊಡುವುದು ಈ ಪತ್ರ ಬರೆದವರ ಹಟ.

ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರಿನ ಐಡಿ ಫ್ಯಾನನ್ನೇ ತೆಗೆದುಕೊಳ್ಳೋಣ. ಹೊಗೆಯನ್ನು ಚಿಮಣಿಗೆ ಎಳೆದು ಹಾಕುವ ಈ ಫ್ಯಾನಿನ ರೆಕ್ಕೆಗಳಿಗೆ ದಿನವಿಡೀ ಬೂದಿ, ಕಬ್ಬಿನ ಜೊತೆ ಹೊಲದಿಂದ ಬಂದ ಮರಳು ಬಡಿಯುತ್ತಿರುತ್ತದೆ. ಒಂದು ರೆಕ್ಕೆ ಹೆಚ್ಚು ಸವೆಯುತ್ತದೆ, ಇನ್ನೊಂದಕ್ಕೆ ಬೂದಿ ಮೆತ್ತಿಕೊಳ್ಳುತ್ತದೆ. ಇಂಪೆಲ್ಲರಿನ ತೂಕ 400 ಕಿಲೋ, ವೇಗ 980 ಆರ್‌ಪಿಎಂ ಎಂದಿಟ್ಟುಕೊಳ್ಳಿ. ಶಾಫ್ಟಿನ ನಡುವಿನಿಂದ 700 ಮಿಲಿಮೀಟರ್ ದೂರದಲ್ಲಿ ಬರೀ 79 ಗ್ರಾಂ ಹೆಚ್ಚುಕಮ್ಮಿ ಆಗಿದೆ. ಒಂದು ದಪ್ಪ ನಟ್ಟಿನ ತೂಕ. ತೂಕ, ದೂರ, ಕೋನವೇಗದ ವರ್ಗ, ಈ ಮೂರನ್ನು ಗುಣಿಸಿದರೆ ಹೊರಕ್ಕೆಳೆಯುವ ಬಲ ಸಿಗುತ್ತದೆ: ಸುಮಾರು 580 ನ್ಯೂಟನ್, ನಮ್ಮ ಮಾತಿನಲ್ಲಿ 59 ಕಿಲೋ. ಒಂದು ಮೂಟೆ ಸಕ್ಕರೆ, ಮೇಲೆ ಇನ್ನೊಂಬತ್ತು ಕಿಲೋ, ಶಾಫ್ಟಿಗೆ ಜೋತುಬಿದ್ದು ಸೆಕೆಂಡಿಗೆ 16 ಸುತ್ತು ಹೊಡೆಯುತ್ತಿದೆ. ವೇಗದ ವರ್ಗ ಎಂಬ ಮಾತನ್ನು ಸುಮ್ಮನೆ ದಾಟುವಂತಿಲ್ಲ. ಅದೇ ನಟ್ಟು, ಅದೇ ಜಾಗ, ವೇಗ ಮಾತ್ರ ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು.

ಬೇರಿಂಗಿನ ಆಯುಷ್ಯಕ್ಕೂ ಒಂದು ಸೂತ್ರವಿದೆ. ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಲೆಕ್ಕದ ಮೇಲೆಯೇ ಇವತ್ತಿನ ಬೇರಿಂಗ್ ಕ್ಯಾಟಲಾಗುಗಳೂ ನಿಂತಿವೆ. ಅದರ ಪ್ರಕಾರ ರೋಲರ್ ಬೇರಿಂಗಿನ ಹೊರೆ ಕಾಲುಭಾಗ ಹೆಚ್ಚಿದರೆ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹೊರೆ ಇಮ್ಮಡಿಯಾದರೆ ಉಳಿಯುವುದು ಹತ್ತರಲ್ಲೊಂದು ಪಾಲು. ಮೂಲೆಯ ಗುಡ್ಡೆ ಬೆಳೆಯುವುದು ಹೀಗೆ.

ಫ್ಯಾನ್ ನಡುಗುತ್ತಿದೆ ಎಂದು ಮೊದಲು ತಿಳಿಯುವುದು ಫಿಟ್ಟರನ ಅಂಗೈಗೆ. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಹೌಸಿಂಗಿಗೆ ಊರಿ ಹಿಡಿಕೆಯನ್ನು ಕಿವಿಗೊತ್ತಿಕೊಳ್ಳುವುದು, ಪ್ಲಮರ್ ಬ್ಲಾಕಿನ ಮೇಲೆ ನಾಣ್ಯ ನೆಟ್ಟಗೆ ನಿಲ್ಲುತ್ತದೋ ನೋಡುವುದು, ಇವೆಲ್ಲ ಒಳ್ಳೆಯ ಪರೀಕ್ಷೆಗಳೇ. ಇವನ್ನು ಹಳೇ ಕಾಲದ್ದೆಂದು ನಗುವವರು ಕೆಲಸ ಬಲ್ಲವರಲ್ಲ. ಆದರೆ ಅಂಗೈ ಹೇಳುವುದು ‘ಎಷ್ಟು’ ಎಂಬುದನ್ನು ಮಾತ್ರ, ಅದೂ ಅಂದಾಜಿಗೆ. ‘ಯಾಕೆ’ ಎಂಬುದನ್ನು ಹೇಳದು. ಕಪ್ಲಿಂಗಿನ ಅಲೈನ್‌ಮೆಂಟ್ ತಪ್ಪಿದರೂ ನಡುಕ, ಫೌಂಡೇಶನ್ ಬೋಲ್ಟ್ ಸಡಿಲಾದರೂ ನಡುಕ, ತೂಕ ವಾಲಿದರೂ ನಡುಕ. ಮೂರೂ ಬೆರೆತು ಬಂದಾಗ ಬಿಡಿಸುವುದು ಹೇಗೆ?

ಬಿಡಿಸುವ ದಾರಿ ಹಾಕಿಕೊಟ್ಟವನಿಗೆ ಫ್ಯಾನು ಮೋಟರುಗಳ ಗೊಡವೆಯೇ ಇರಲಿಲ್ಲ. ಫ್ರಾನ್ಸಿನ ಜೋಸೆಫ್ ಫೂರಿಯೆ ತಲೆ ಕೆಡಿಸಿಕೊಂಡಿದ್ದು ಕಾಸಿದ ಲೋಹದಲ್ಲಿ ಶಾಖ ಹೇಗೆ ಹರಿಯುತ್ತದೆ ಎಂಬುದಕ್ಕೆ. 1807ರಲ್ಲಿ ಪ್ರಬಂಧವಾಗಿ, 1822ರಲ್ಲಿ ಪುಸ್ತಕವಾಗಿ ಅವನು ಮುಂದಿಟ್ಟ ವಿಚಾರದ ತಿರುಳು ಇದು: ಮತ್ತೆ ಮತ್ತೆ ಮರುಕಳಿಸುವ ಎಂಥ ಅಂಕುಡೊಂಕಿನ ಏರಿಳಿತವನ್ನೂ ಬೇರೆ ಬೇರೆ ವೇಗದ ಶುದ್ಧ ಅಲೆಗಳ ಮೊತ್ತವಾಗಿ ಬಿಡಿಸಿ ಬರೆಯಬಹುದು. ಬಿಡಿಸುವ ಬಗೆಯನ್ನು ಉಯ್ಯಾಲೆ ತೂಗಿದವರು ಆಗಲೇ ಬಲ್ಲರು. ಉಯ್ಯಾಲೆಯ ಲಯಕ್ಕೆ ಸರಿಯಾಗಿ ತಳ್ಳಿದರೆ ಪ್ರತಿ ತಳ್ಳೂ ಕೂಡುತ್ತ ಹೋಗುತ್ತದೆ. ಲಯ ತಪ್ಪಿ ತಳ್ಳಿದರೆ ಒಂದು ತಳ್ಳು ಏರಿಸಿದ್ದನ್ನು ಇನ್ನೊಂದು ಇಳಿಸಿ ಕೊನೆಗೆ ಸೊನ್ನೆ. ಗಣಿತವೂ ಹೀಗೇ ಮಾಡುತ್ತದೆ. ಅಳೆದ ನಡುಕವನ್ನು ಒಂದು ಶುದ್ಧ ಅಲೆಯಿಂದ ಕ್ಷಣಕ್ಷಣಕ್ಕೂ ಗುಣಿಸಿ ಕೂಡಿಸುತ್ತದೆ. ಆ ಲಯದ ಪಾಲು ನಡುಕದಲ್ಲಿದ್ದರೆ ಮೊತ್ತ ಬೆಳೆಯುತ್ತದೆ, ಇಲ್ಲದಿದ್ದರೆ ಕರಗುತ್ತದೆ.

ಕೈಯಲ್ಲಿ ಮಾಡಹೊರಟರೆ ಇದು ಪ್ರಾಣ ಹಿಂಡುವ ಕೆಲಸ. 1024 ಅಳತೆಗಳಿದ್ದರೆ ಹತ್ತು ಲಕ್ಷಕ್ಕೂ ಮಿಕ್ಕಿ ಗುಣಾಕಾರ. 1965ರಲ್ಲಿ ಅಮೆರಿಕದ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಚುರುಕು ವಿಧಾನ, ಅಂದರೆ ಎಫ್ಎಫ್‌ಟಿ, ಇದನ್ನು ಹತ್ತು ಸಾವಿರದ ಆಸುಪಾಸಿಗೆ ಇಳಿಸಿತು. ಟ್ಯೂಕಿಯ ತಲೆಯಲ್ಲಿ ಇದು ಓಡುತ್ತಿದ್ದ ಕಾಲಕ್ಕೆ ಅಮೆರಿಕಕ್ಕಿದ್ದ ಚಿಂತೆ ಸೋವಿಯತ್ ಒಕ್ಕೂಟ ನೆಲದಡಿ ನಡೆಸುವ ಅಣುಪರೀಕ್ಷೆಗಳನ್ನು ಭೂಮಿಯ ನಡುಕದಿಂದ ಪತ್ತೆಹಚ್ಚುವುದು. ಅದೇ ಲೆಕ್ಕ ಇವತ್ತು ಅಂಗೈಯಗಲದ ವೈಬ್ರೇಶನ್ ಮೀಟರಿನೊಳಗೆ ಕೂತಿದೆ, ಜೇಬಿನ ಮೊಬೈಲಿನಲ್ಲೂ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ ‘ಫೈಫಾಕ್ಸ್’ ಎಂಬ ಉಚಿತ ಆ್ಯಪ್ ಮೊಬೈಲಿನ ಆಕ್ಸೆಲೆರೋಮೀಟರ್ ಬಳಸಿ ಈ ಬಿಡಿಸುವಿಕೆಯನ್ನು ಕಣ್ಣೆದುರೇ ಗೆರೆ ಎಳೆದು ತೋರಿಸುತ್ತದೆ. ಕಲಿಯಲು ಮನೆಯ ಟೇಬಲ್ ಫ್ಯಾನ್ ಸಾಕು. ಸುಡುವ ಪ್ಲಮರ್ ಬ್ಲಾಕಿನ ಮೇಲೆ ಮೊಬೈಲ್ ಇಟ್ಟು ಕೆಡಿಸಿಕೊಳ್ಳುವುದು ಬೇಡ.

ಬಿಡಿಸಿದ ಮೇಲೆ ಓದುವ ಬಗೆ ಸುಲಭ. 980 ಆರ್‌ಪಿಎಂ ಅಂದರೆ ಸೆಕೆಂಡಿಗೆ 16.3 ಸುತ್ತು. ಗೆರೆಯಲ್ಲಿ 16.3 ಹರ್ಟ್ಜ್ ಹತ್ತಿರ ಒಂಟಿ ಶಿಖರ ಎದ್ದು ನಿಂತಿದ್ದರೆ ಸಂಶಯ ಮೊದಲು ತೂಕದ ಮೇಲೆ. ಅದರ ಎರಡರಷ್ಟು, 32.7ರಲ್ಲಿ ಜೋರಾಗಿದ್ದರೆ ಕಪ್ಲಿಂಗಿನ ಅಲೈನ್‌ಮೆಂಟ್ ನೋಡಬೇಕು. ಒಂದು, ಎರಡು, ಮೂರು, ನಾಲ್ಕು ಎಂದು ಮೆಟ್ಟಿಲು ಮೆಟ್ಟಿಲಾಗಿ ಶಿಖರಗಳಿದ್ದರೆ ಏನೋ ಸಡಿಲಾಗಿದೆ, ಸ್ಪ್ಯಾನರ್ ತೆಗೆದುಕೊಂಡು ಬೋಲ್ಟುಗಳ ಕಡೆ ನಡೆಯಬೇಕು. ಇವು ಸಂಶಯಗಳೇ ಹೊರತು ತೀರ್ಪಲ್ಲ. ಬಾಗಿದ ಶಾಫ್ಟ್ ಕೂಡ ಒಂದರ ಶಿಖರವನ್ನೇ ಎಬ್ಬಿಸುತ್ತದೆ.

ಇಲ್ಲಿ ಹಿರಿಯ ಫಿಟ್ಟರುಗಳು ಒಂದು ಆಕ್ಷೇಪ ಎತ್ತಬಹುದು. ಇಂಪೆಲ್ಲರನ್ನು ಬಿಚ್ಚಿ, ಶಾಫ್ಟ್ ಸಮೇತ ಎರಡು ಸಮತಟ್ಟಾದ ಪಟ್ಟಿಗಳ ಮೇಲೆ ಉರುಳಲು ಬಿಟ್ಟರೆ ಭಾರದ ಕಡೆ ತಾನೇ ಕೆಳಗೆ ಬಂದು ನಿಲ್ಲುತ್ತದಲ್ಲ, ಎದುರುಗಡೆ ತೂಕ ಹಚ್ಚಿದರಾಯಿತು, ಫೂರಿಯೆ ಯಾಕೆ? ತೆಳ್ಳನೆಯ ಚಕ್ರಕ್ಕೆ ಆ ಮಾತು ಬಹುಮಟ್ಟಿಗೆ ಸರಿ. ಉದ್ದನೆಯ ರೋಟರಿಗೆ ಸರಿಯಲ್ಲ. ಎಡತುದಿಯಲ್ಲಿ ಮೇಲ್ಗಡೆ 50 ಗ್ರಾಂ, ಬಲತುದಿಯಲ್ಲಿ ಕೆಳಗಡೆ 50 ಗ್ರಾಂ ಹೆಚ್ಚಿದ್ದರೆ ಪಟ್ಟಿಯ ಮೇಲೆ ಅದು ಸಾಧು ದನದ ಹಾಗೆ ಹೇಗಿಟ್ಟರೆ ಹಾಗೆ ನಿಲ್ಲುತ್ತದೆ. ತಿರುಗಿಸಿದ ಕೂಡಲೇ ಎರಡು ತುದಿಗಳು ಎದುರುಬದುರು ಎಳೆದಾಡಿ ಶಾಫ್ಟನ್ನು ಕಡೆಗೋಲಿನಂತೆ ಓಲಾಡಿಸುತ್ತವೆ. ಇದಕ್ಕೆ ಎರಡೂ ತುದಿಗಳಲ್ಲಿ ಅಳೆದು ಎರಡೂ ಕಡೆ ತೂಕ ಹಾಕುವ ಲೆಕ್ಕವೇ ಬೇಕು. ಕಂಪನದ ಪ್ರಮಾಣದ ಜೊತೆಗೆ ಅದರ ಕೋನವನ್ನೂ ಹಿಡಿದು ಯಂತ್ರ ಕೂತಲ್ಲೇ ಸರಿಪಡಿಸುವ ಈ ಕ್ರಮವನ್ನು ಥಿಯರ್ಲ್ ಎಂಬ ಅಮೆರಿಕನ್ ಇಂಜಿನಿಯರ್ 1934ರಲ್ಲೇ ಬರೆದಿಟ್ಟರು.

ಇನ್ನೊಂದು ಹಳೇ ಉಪಾಯ ತಿರುಗುವ ಶಾಫ್ಟಿಗೆ ಸೀಮೆಸುಣ್ಣ ತಾಕಿಸುವುದು. ಸುಣ್ಣ ಹತ್ತಿದ ಕಡೆ ಶಾಫ್ಟ್ ಹೊರಕ್ಕೆ ಉಬ್ಬುತ್ತಿದೆ, ಆದ್ದರಿಂದ ಭಾರವೂ ಅಲ್ಲೇ ಇದೆ ಎಂಬುದು ತರ್ಕ. ಕೆಲವು ಸಲ ಇದು ಫಲಿಸುತ್ತದೆ, ಕೆಲವು ಸಲ ತೂಕ ಹಾಕಿದಷ್ಟೂ ನಡುಕ ಹೆಚ್ಚುತ್ತದೆ. ಅದರ ಗುಟ್ಟು ಒಂದು ಸ್ವಾರಸ್ಯದ ಕಥೆ. 1869ರಲ್ಲಿ ಸ್ಕಾಟ್ಲೆಂಡಿನ ದೊಡ್ಡ ವಿದ್ವಾಂಸ ರ‍್ಯಾಂಕಿನ್, ಪ್ರತಿ ಶಾಫ್ಟಿಗೂ ಒಂದು ಮಿತಿವೇಗವಿದೆ, ಅದನ್ನು ದಾಟಿ ಓಡಿಸುವುದು ಸಾಧ್ಯವೇ ಇಲ್ಲ ಎಂದು ಲೆಕ್ಕ ಕೊಟ್ಟಿದ್ದ. ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರದಿಂದ ಹೆಸರಾದ ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1889ರಲ್ಲಿ ತನ್ನ ಸಣ್ಣ ಆವಿ ಟರ್ಬೈನನ್ನು ತೆಳ್ಳನೆಯ, ಬಳುಕುವ ಶಾಫ್ಟಿನ ಮೇಲೆ ಕೂರಿಸಿ ಆ ಮಿತಿಯನ್ನು ದಾಟಿಯೇಬಿಟ್ಟ. ದಾಟಿದ ಮೇಲೆ ನಡುಕ ಕಡಿಮೆಯಾಯಿತು! 1895ರಲ್ಲಿ ಜರ್ಮನಿಯ ಫ್ಯೋಪಲ್, 1919ರಲ್ಲಿ ಬ್ರಿಟನ್ನಿನಲ್ಲಿ ಪ್ರಬಂಧ ಪ್ರಕಟಿಸಿದ ಜೆಫ್‌ಕಾಟ್ ಕಾರಣ ಬಿಡಿಸಿ ಹೇಳಿದರು. ಮಿತಿವೇಗಕ್ಕಿಂತ ಬಹಳ ಕೆಳಗೆ ಭಾರದ ಕಡೆಯೇ ಹೊರಗೆ ಉಬ್ಬುತ್ತದೆ. ಮಿತಿವೇಗದಲ್ಲಿ ಉಬ್ಬು ಭಾರಕ್ಕಿಂತ 90 ಡಿಗ್ರಿ ಹಿಂದೆ ಬೀಳುತ್ತದೆ. ಅದನ್ನು ಚೆನ್ನಾಗಿ ದಾಟಿದ ಮೇಲೆ ಪೂರ್ತಿ ಎದುರಾಗುತ್ತದೆ, ಭಾರದ ಕಡೆ ಒಳಗೆ ಸರಿದುಕೊಳ್ಳುತ್ತದೆ. ಸೀಮೆಸುಣ್ಣ ಸುಳ್ಳು ಹೇಳುವುದಿಲ್ಲ. ಅದು ತೋರಿಸುವುದು ಉಬ್ಬನ್ನು, ಭಾರವನ್ನಲ್ಲ.

ಇನ್ನು ಕಂಪಾಸ್ ಪೆಟ್ಟಿಗೆ ತೆರೆಯುವ ಹೊತ್ತು. ಕೋನ ಅಳೆಯುವ ಉಪಕರಣವಿಲ್ಲದೆ, ನಡುಕ ಎಷ್ಟೆಂದು ಮಾತ್ರ ತೋರಿಸುವ ಸಾದಾ ಮೀಟರಿನಿಂದ ನಾಲ್ಕು ಸಲ ಓಡಿಸಿ ಮಾಡುವ ವಿಧಾನವಿದು. ನಮ್ಮ ಐಡಿ ಫ್ಯಾನಿಗೆ 12 ರೆಕ್ಕೆಗಳು, ಒಂದೊಂದರ ನಡುವೆ 30 ಡಿಗ್ರಿ. ಮೊದಲು ರೆಕ್ಕೆಗಳ ಬೂದಿ ಕೆರೆದು, ಬಿರುಕಿದೆಯೇ ನೋಡಿ, 1ರಿಂದ 12ರವರೆಗೆ ನಂಬರ್ ಹಾಕಬೇಕು. ಫ್ಯಾನ್ ಯಾವ ಕಡೆಗೇ ತಿರುಗಲಿ, ನಂಬರು ಹಾಕಿದ ದಿಕ್ಕಿನಲ್ಲೇ ಕಾಗದದ ಮೇಲೂ ಎಣಿಸಿದರೆ ಸಾಕು.

ಇದ್ದಂತೆಯೇ ಓಡಿಸಿದಾಗ ಮೀಟರ್ ಸೆಕೆಂಡಿಗೆ 8 ಮಿಲಿಮೀಟರ್ ತೋರಿಸಿತು ಎಂದಿಟ್ಟುಕೊಳ್ಳೋಣ. ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ, 1ನೇ ರೆಕ್ಕೆಯ ಹತ್ತಿರ 50 ಗ್ರಾಂ ತೂಕವನ್ನು ಭದ್ರವಾಗಿ ಬಿಗಿದು ಓಡಿಸಿದರೆ 7.9. ಅದೇ ತೂಕ ಬಿಚ್ಚಿ 5ನೇ ರೆಕ್ಕೆಗೆ ಹಾಕಿದರೆ 6.1. ಅಲ್ಲಿಂದ ಬಿಚ್ಚಿ 9ಕ್ಕೆ ಹಾಕಿದರೆ 13. ಹದಿಮೂರು ಬಂದಾಗ ಫ್ಯಾನ್ ಓಡಲು ಬಿಟ್ಟು ಚಹಾಕ್ಕೆ ಹೋಗಬಾರದು, ರೀಡಿಂಗ್ ಬರೆದುಕೊಂಡ ಕೂಡಲೇ ನಿಲ್ಲಿಸಬೇಕು.

ಈಗ ಕಾಗದ. ಮೀಟರಿನ ಒಂದು ಅಂಕಕ್ಕೆ ಅರ್ಧ ಸೆಂಟಿಮೀಟರ್ ಲೆಕ್ಕದಲ್ಲಿ 4 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬರೆಯಿರಿ. ಅದರ ಅಂಚಿನ ಮೇಲೆ 0, 120, 240 ಡಿಗ್ರಿಗಳಲ್ಲಿ ಮೂರು ಚುಕ್ಕೆ, ಅಂದರೆ 1, 5, 9ನೇ ರೆಕ್ಕೆಗಳು. ಮೊದಲ ಚುಕ್ಕೆಯನ್ನು ಕೇಂದ್ರವಾಗಿಟ್ಟು 3.95, ಎರಡನೆಯದರಿಂದ 3.05, ಮೂರನೆಯದರಿಂದ 6.5 ಸೆಂಟಿಮೀಟರಿನ ವೃತ್ತ. ಮೂರೂ ಒಂದು ಕಡೆ ಕೂಡುತ್ತವೆ. ಆ ಕೂಡುಬಿಂದು ನಡುವಿನಿಂದ ಸುಮಾರು 2.5 ಸೆಂಟಿಮೀಟರ್ ದೂರ, ಅಂದರೆ ಮೀಟರಿನ ಲೆಕ್ಕದಲ್ಲಿ 5. ಕೋನಮಾಪಕ ಇಟ್ಟರೆ 70 ಡಿಗ್ರಿ. 50 ಗ್ರಾಂ ತೂಕಕ್ಕೆ 5ರಷ್ಟು ನಡುಕ ಬದಲಿಸುವ ಶಕ್ತಿಯಿದೆ ಎಂದಾಯಿತು. ಅಳಿಸಬೇಕಾದದ್ದು 8. ಐವತ್ತನ್ನು ಎಂಟರಿಂದ ಗುಣಿಸಿ ಐದರಿಂದ ಭಾಗಿಸಿದರೆ 80 ಗ್ರಾಂ.

ಕೈವಾರದ ಮುಳ್ಳು ಅಲ್ಪಸ್ವಲ್ಪ ಜಾರುತ್ತದೆ ಎನ್ನುವವರಿಗೆ ಬರೀ ಅಂಕಗಣಿತವೂ ಇದೆ. ಕೊನೆಯ ಮೂರು ರೀಡಿಂಗುಗಳ ವರ್ಗಗಳನ್ನು ಕೂಡಿಸಿ: 62.41, 37.21, 169, ಒಟ್ಟು 268.62. ಮೂರರಿಂದ ಭಾಗಿಸಿದರೆ 89.54. ಮೊದಲ ರೀಡಿಂಗಿನ ವರ್ಗ 64 ಕಳೆದರೆ 25.54, ಅದರ ವರ್ಗಮೂಲ 5.05. ತೂಕ ಬರೋಬ್ಬರಿ 79 ಗ್ರಾಂ. ಮೀಟರ್ ಹತ್ತು ಪರ್ಸೆಂಟ್ ಹೆಚ್ಚು ತೋರಿಸುವ ಚಾಳಿಯದ್ದಾದರೂ ಚಿಂತೆಯಿಲ್ಲ, ಎಲ್ಲ ರೀಡಿಂಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿರುವುದರಿಂದ ಭಾಗಾಕಾರದಲ್ಲಿ ಅದು ವಜಾ ಆಗುತ್ತದೆ. ಬದಲಾಗಬಾರದ್ದು ಮೀಟರ್ ಒತ್ತುವ ಜಾಗ ಮತ್ತು ಫ್ಯಾನಿನ ವೇಗ.

70 ಡಿಗ್ರಿಯಲ್ಲಿ ರೆಕ್ಕೆಯೇ ಇಲ್ಲವಲ್ಲ! 3ನೇ ರೆಕ್ಕೆ 60ರಲ್ಲಿದೆ, 4ನೆಯದು 90ರಲ್ಲಿ. ತೂಕವನ್ನು ಹಂಚಬೇಕು: ಹತ್ತಿರದ 3ನೇ ರೆಕ್ಕೆಗೆ 54 ಗ್ರಾಂ, 4ಕ್ಕೆ 27. ಕೂಡಿಸಿದರೆ 81, ಬೇಕಾಗಿದ್ದು 79. ಲೆಕ್ಕ ತಪ್ಪಿಲ್ಲ. ಎರಡು ಎತ್ತುಗಳು ತುಸು ಬೇರೆ ಬೇರೆ ದಿಕ್ಕಿಗೆ ಎಳೆದಾಗ ಒಂದಿಷ್ಟು ಶಕ್ತಿ ಅಡ್ಡಕ್ಕೆ ಪೋಲಾಗುವುದಿಲ್ಲವೇ, ಹಾಗೆ. ಬೆಸುಗೆ ಹಾಕುವಾಗ ಒಂದು ಎಚ್ಚರ: ಅರ್ಥಿಂಗ್ ಕ್ಲ್ಯಾಂಪನ್ನು ಇಂಪೆಲ್ಲರಿಗೇ ಕಚ್ಚಿಸಬೇಕು. ಫ್ರೇಮಿಗೆ ಕಚ್ಚಿಸಿದರೆ ವೆಲ್ಡಿಂಗ್ ಕರೆಂಟ್ ಬೇರಿಂಗಿನೊಳಗಿಂದ ಹಾದು ರೋಲರುಗಳನ್ನು ಸುಡುತ್ತದೆ. ಮೂಲೆಯ ಗುಡ್ಡೆಗೆ ಇನ್ನೊಂದು ಬೇರಿಂಗ್ ಸೇರುತ್ತದೆ, ಅಂಗಡಿಯವನು ಮತ್ತೆ ಬೈಸಿಕೊಳ್ಳುತ್ತಾನೆ.

ಎಲ್ಲಿಗೆ ನಿಲ್ಲಿಸಬೇಕು ಎನ್ನುವುದಕ್ಕೂ ಅಳತೆಯಿದೆ. ಫ್ಯಾನು, ಪಂಪುಗಳಿಗೆ ಅಂತರರಾಷ್ಟ್ರೀಯ ಮಾನದಂಡ ಜಿ 6.3 ಎಂಬ ದರ್ಜೆ ಹೇಳುತ್ತದೆ. 400 ಕಿಲೋದ, 980 ಆರ್‌ಪಿಎಂನ ಇಂಪೆಲ್ಲರಿಗೆ ಅದು 700 ಮಿಲಿಮೀಟರ್ ದೂರದಲ್ಲಿ ಸುಮಾರು 35 ಗ್ರಾಂ. ಅದರೊಳಗೆ ಬಂದ ಮೇಲೂ ಸೊನ್ನೆಗೆ ಇಳಿಸುತ್ತೇನೆಂದು ಹಟಕ್ಕೆ ಬೀಳುವುದು ಕರೆಂಟಿಗೂ ಮೈಗೂ ದಂಡ.

ಮೂರು ವೃತ್ತಗಳು ಒಂದು ಬಿಂದುವಿನಲ್ಲಿ ಕೂಡದೆ ನಡುವೆ ದೊಡ್ಡ ತ್ರಿಕೋನ ಉಳಿದರೆ ಕಾಗದ ಹರಿದುಹಾಕಬೇಡಿ. ತೂಕವೊಂದೇ ಕಾರಣವಲ್ಲ, ಬೋಲ್ಟೋ ಬುನಾದಿಯೋ ಸಡಿಲಿದೆ ಎಂದು ಅದು ಹೇಳುತ್ತಿದೆ. ಇದಕ್ಕಿಂತ ದೊಡ್ಡ ಎಚ್ಚರ ಮತ್ತೊಂದಿದೆ. ನಿನ್ನೆ 3 ಇದ್ದದ್ದು ಇವತ್ತು ದಿಢೀರನೆ 9 ಆದರೆ ತೂಕ ಹಚ್ಚಲು ಹೋಗಲೇಬಾರದು. ಬೂದಿ ಹಾಗೆ ರಾತ್ರೋರಾತ್ರಿ ಏರುವುದು ಅಪರೂಪ. ಪದರು ಕಳಚಿರಬಹುದು, ರೆಕ್ಕೆ ಬಿರಿದಿರಬಹುದು. ಬಿರುಕಿನ ಮೇಲೆ ಬ್ಯಾಲೆನ್ಸಿಂಗ್ ಮಾಡುವುದು ಜ್ವರದ ರೋಗಿಗೆ ಥರ್ಮಾಮೀಟರ್ ಒಡೆದು ಹಾಕಿದಷ್ಟೇ ಬುದ್ಧಿವಂತಿಕೆ.

ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಕೇಂದ್ರದಲ್ಲಿ 1993ರ ಮಾರ್ಚ್ 31ರ ನಸುಕಿನಲ್ಲಿ ನಡೆದದ್ದು ಈ ಜಾತಿಯದೇ ಘಟನೆ. ಒಂದನೇ ಘಟಕದ ಟರ್ಬೈನಿನಲ್ಲಿ ಲೋಹದ ದಣಿವಿನಿಂದ ಬಿರುಕುಬಿಟ್ಟಿದ್ದ ಎರಡು ರೆಕ್ಕೆಗಳು ಮುರಿದು ಪಕ್ಕದ ರೆಕ್ಕೆಗಳನ್ನೂ ಕತ್ತರಿಸಿದವು. ಪೂರ್ಣ ವೇಗದಲ್ಲಿದ್ದ ರೋಟರಿನ ತೂಕ ಕ್ಷಣದಲ್ಲಿ ವಾಲಿತು. ಆ ನಡುಕಕ್ಕೆ ಜನರೇಟರನ್ನು ತಂಪಾಗಿಡುವ ಹೈಡ್ರೋಜನ್ ಅನಿಲದ ಕಟ್ಟು ತಪ್ಪಿ ಸೋರಿ ಬೆಂಕಿ ಹತ್ತಿತು. ಕೇಬಲ್ಲುಗಳು ಸುಟ್ಟು, ಕೇಂದ್ರದೊಳಗೆ 17 ತಾಸು ವಿದ್ಯುತ್ತೇ ಇರಲಿಲ್ಲ. ಸಿಬ್ಬಂದಿ ರಿಯಾಕ್ಟರನ್ನು ಕೂಡಲೇ ನಿಲ್ಲಿಸಿದರು, ಟಾರ್ಚ್ ಹಿಡಿದು ಕತ್ತಲಲ್ಲಿ ಕೈಯಿಂದ ವಾಲ್ವುಗಳನ್ನು ತಿರುಗಿಸಿದರು. ಯಾರ ಪ್ರಾಣಕ್ಕೂ ಎರವಾಗಲಿಲ್ಲ, ವಿಕಿರಣ ಹೊರಗೆ ಸೋರಲಿಲ್ಲ. ಅಲ್ಲಿ ಅಸಮತೋಲನ ರೋಗವಾಗಿರಲಿಲ್ಲ, ರೆಕ್ಕೆಯ ಬಿರುಕು ರೋಗ.

ಕೊನೆಗೆ ಒಂದು ಕೋರಿಕೆ, ಲಾಗ್‌ಬುಕ್ಕಿನ ಬಗ್ಗೆ. ಈ ಲೆಕ್ಕ ಒಮ್ಮೆ ಮಾಡಿದ ಮೇಲೆ ಕಾಗದವನ್ನು ಕೈ ಒರೆಸಲು ಬಳಸುವವರಿದ್ದಾರೆ. ಅದರಲ್ಲಿ ಬೆಲೆಬಾಳುವ ಒಂದು ಅಂಕಿಯಿದೆ: ಈ ಫ್ಯಾನಿಗೆ ಗ್ರಾಂಗೆ 0.1ರಷ್ಟು ನಡುಕ. ಮುಂದಿನ ಹಂಗಾಮಿನಲ್ಲಿ ನಡುಕ 6ಕ್ಕೆ ಏರಿದರೆ 60 ಗ್ರಾಂ ಬೇಕೆಂದು ಓಡಿಸುವ ಮೊದಲೇ ಗೊತ್ತಿರುತ್ತದೆ. ಹುಡುಕಬೇಕಾದ್ದು ಜಾಗವನ್ನು ಮಾತ್ರ, ನಾಲ್ಕು ಓಟದ ಬದಲು ಮೂರರಲ್ಲಿ ಕೆಲಸ ಮುಗಿಯುತ್ತದೆ. ಆದ್ದರಿಂದ ತಾರೀಖು, ನಾಲ್ಕು ರೀಡಿಂಗು, ಮೀಟರ್ ಒತ್ತಿದ ಜಾಗ, ಹಾಕಿದ ತೂಕ ಎಲ್ಲ ಬರೆದಿಡಿ. ಮತ್ತೆ 1ನೇ ರೆಕ್ಕೆ ಯಾವುದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಿಡಬೇಡಿ, ಆಫ್ ಸೀಜನ್ನಿನಲ್ಲಿ ಬಣ್ಣ ಬಳಿಯುವವರು ಬರುತ್ತಾರೆ. ಹಬ್ಬಿನ ಮೇಲೆ ಪಂಚ್ ಹೊಡೆದಿಡಿ.

ಇಂತಿ,
ವರ್ಕ್‌ಶಾಪಿನ ಮೂಲೆಯ ಗುಡ್ಡೆ ಕಂಡ ಒಬ್ಬ ಬರಹಗಾರ